ಸೈಕಲ್ ವೇಷ

ಐವತ್ತರ ಹತ್ತಿರ ಬಂದ ಗಂಡಸು ಬೆಳಿಗ್ಗೆ ಐದಕ್ಕೆ ಎದ್ದು ಬಿಗಿ ಚಡ್ಡಿ ಹಾಕಿ ಹೊರಟರೆ ಮನೆಯವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಚಿಂತೆ. ಮಂಗಳೂರಿನಲ್ಲಿ ಈಗ ಇಂಥವರು ಜಾಸ್ತಿ. ನಾನೂ ಅವರಲ್ಲೊಬ್ಬ. ಸ್ಕೂಟರ್ ಬಂದ ಕೂಡಲೇ ಸೈಕಲನ್ನು ಗುಜರಿಗೆ ಕೊಟ್ಟ ನಾವೇ ಈಗ ಸ್ಕೂಟರಿನಷ್ಟು ಬೆಲೆಯ ಸೈಕಲ್ ತಂದು ಚಾವಡಿಯಲ್ಲಿ ನಿಲ್ಲಿಸಿದ್ದೇವೆ. ಸ್ಕೂಟರ್ ಹೊರಗೆ ಮಳೆಯಲ್ಲಿ ನೆನೆಯುತ್ತದೆ.

ಆ ಚಡ್ಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಕೂರುವ ಜಾಗಕ್ಕೆ ಸರಿಯಾಗಿ ಅದರಲ್ಲಿ ದಪ್ಪ ಪ್ಯಾಡ್ ಇರುತ್ತದೆ. ಅದರೊಳಗೆ ಬೇರೇನೂ ಹಾಕಬಾರದು. ಹಾಕಿದರೆ ಹೊಲಿಗೆ ಉಜ್ಜಿ ಉಜ್ಜಿ ಮುಲ್ಕಿ ಮುಟ್ಟುವಾಗ ತೊಡೆಯ ಸಂದು ಕೆಂಪಾಗಿರುತ್ತದೆ. ಸೀಟಾದರೂ ಸ್ವಲ್ಪ ಅಗಲ ಇರಬಾರದಾ ಅನ್ನಿಸಬಹುದು. ಅಗಲ ಇದ್ದರೆ ತುಳಿದಾಗಲೆಲ್ಲ ತೊಡೆ ಅದಕ್ಕೆ ತಾಗುತ್ತದೆ. ದೂರ ಹೋಗುವವರಿಗೆ ಸಪೂರ ಸೀಟೇ ಸರಿ. ಈ ಅವತಾರದಲ್ಲಿ ಬನ್ಸ್ ತಿನ್ನಲು ಪಡುಬಿದ್ರಿಯ ಹೋಟೆಲ್ ಹೊಕ್ಕರೆ ಎಲ್ಲರೂ ಒಮ್ಮೆ ತಿರುಗಿ ನೋಡುತ್ತಾರೆ. "ಎಂಥ ಮಾರಾಯ್ರೆ, ಈ ಪ್ರಾಯದಲ್ಲಿ ಇದೆಲ್ಲ ಬೇಕಾ?" ಅಂತ ಗಲ್ಲೆಯಲ್ಲಿ ಕೂತವರು ಕೇಳುತ್ತಾರೆ. ಕೇಳಿದ ಮೇಲೆ ಚಟ್ನಿ ಸ್ವಲ್ಪ ಜಾಸ್ತಿ ಹಾಕಿಸುತ್ತಾರೆ.

ದಾರಿ ಎಲ್ಲರಿಗೂ ಗೊತ್ತಿರುವ 66ನೇ ನಂಬರಿನ ಹೆದ್ದಾರಿ. ಕಾರಿನಲ್ಲಿ ಹೋದರೆ ಸಪಾಟು. ಕೂಳೂರಿನಲ್ಲೊಂದು, ಪಾವಂಜೆಯಲ್ಲೊಂದು, ಮುಲ್ಕಿಯ ಶಾಂಭವಿ ಹೊಳೆಗೊಂದು, ಹೀಗೆ ಪ್ರತಿ ಸೇತುವೆಗೂ ಏರು ಇದೆ ಅಂತ ಗೊತ್ತಾಗುವುದು ಮೊಣಗಂಟಿಗೆ ಮಾತ್ರ. ಏರಿಗಿಂತ ಗಾಳಿ ಕಷ್ಟ. ಕರಾವಳಿಯಲ್ಲಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ನೆಲಕ್ಕೆ ಬರುತ್ತದೆ, ಹೆಚ್ಚಾಗಿ ವಾಯವ್ಯದಿಂದ. ಮಧ್ಯಾಹ್ನ ಉಡುಪಿ ಕಡೆ ಹೊರಟವನ ಮುಖಕ್ಕೇ ಅದು ಹೊಡೆಯುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಹಟ ಮಾಡಿ ಪ್ರಯೋಜನ ಇಲ್ಲ. ಬುದ್ಧಿ ಇದ್ದವರು ಕತ್ತಲಲ್ಲೇ ಉತ್ತರಕ್ಕೆ ಹೊರಟು, ಮಧ್ಯಾಹ್ನದ ಮೇಲೆ ಅದೇ ಗಾಳಿಯ ಕೈಯಲ್ಲಿ ಬೆನ್ನು ತಳ್ಳಿಸಿಕೊಂಡು ವಾಪಸ್ ಬರುತ್ತಾರೆ.

ಕಾಪುವಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ 1901ರ ದೀಪಸ್ತಂಭ. ಅಲ್ಲಿಂದ ಕಡಲ ಬದಿಯಲ್ಲೇ ಮಟ್ಟುವಿಗೆ ಹೋಗಬಹುದು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. 2011ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದ್ದೇ ಬೆಳೆ ಅನ್ನುವ ಸರಕಾರಿ ಗುರುತು, ಸಿಕ್ಕಿದ ಗುಳ್ಳ ಬದನೆ ಬೆಳೆಯುವುದು ಇಲ್ಲೇ. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಇಲ್ಲ. ನಾಯಿಗಳಿವೆ.

ಇಷ್ಟೇ ಆಗಿದ್ದರೆ ಸ್ವಂತ ಖುಷಿ ಅಂತ ಸುಮ್ನಿರಬಹುದಿತ್ತು. ಈಗ ನಮ್ಮ ಗುಂಪಿಗೆ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಹಣ ಒಟ್ಟು ಮಾಡುವ ಹುರುಪು. ಮರವಂತೆಗೆ ಹೋಗಿ ಬಂದರೆ 200 ಕಿಲೋಮೀಟರ್ ದಾಟುತ್ತದೆ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವರ ನಿಯಮದಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಗಡು. ಅಷ್ಟರಲ್ಲಿ ಮುಗಿಸಿದರೆ ಪರಿಚಯದವರು ಕಿಲೋಮೀಟರಿಗೆ ಇಷ್ಟು ಅಂತ ಕೊಡಬೇಕು. ಅಮೆರಿಕದಲ್ಲಿ ಇದು ಹಳೆಯದು. ತಾಯಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡ ಬಿಲ್ಲಿ ಸ್ಟಾರ್ ಎಂಬವರು 1980ರಲ್ಲಿ ಮಸಾಚುಸೆಟ್ಸ್‌ನಲ್ಲಿ 36 ಜನರನ್ನು ಸೇರಿಸಿ 'ಪ್ಯಾನ್ ಮಾಸ್ ಚಾಲೆಂಜ್' ಶುರು ಮಾಡಿದರು. ಈಗ ಅಲ್ಲಿ ಸಾವಿರಾರು ಜನ ತುಳಿಯುತ್ತಾರೆ, ಹಣ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತದೆ.

"ನೀನು ತುಳಿದರೆ ಆ ಮಗುವಿಗೆ ಎಂಥ ಉಪಕಾರ? ಹಣ ನೇರ ಕೊಟ್ಟರಾಯ್ತು ಅಲ್ವಾ?" ಅಂತ ಭಾವ ಕೇಳಿದರು. ಲೆಕ್ಕ ಸರಿಯೇ. ಆದರೆ ನಮ್ಮ ಊರಲ್ಲಿ ಹಣ ಹೊರಡುವ ದಾರಿ ಬೇರೆ. ಅಷ್ಟಮಿಗೆ ಹುಲಿವೇಷದವರು ಬಂದರೆ ಯಾಕೆ ಕೊಡುತ್ತೇವೆ? ಮೈಗೆ ಬಣ್ಣ ಬಳಿಸಿಕೊಂಡವನು ಅದು ಒಣಗುವವರೆಗೆ ಕೂರುವಂತಿಲ್ಲ, ಮಲಗುವಂತಿಲ್ಲ. ಮರುದಿನ ಬಿಸಿಲಲ್ಲಿ ಕುಣಿಯಬೇಕು. ಆ ಬೆವರು ನೋಡಿ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಕಟಪಾಡಿಯ ರವಿ ಇದನ್ನೇ ಇನ್ನೂ ಮುಂದಕ್ಕೆ ಒಯ್ದವರು. ಕೂಲಿ ಕೆಲಸದ ಮನುಷ್ಯ, ಅಷ್ಟಮಿಗೆ ವಿಚಿತ್ರ ವೇಷ ಹಾಕಿ ಉಡುಪಿಯ ಬೀದಿಯಲ್ಲಿ ಒಟ್ಟು ಮಾಡಿದ ಲಕ್ಷಗಟ್ಟಲೆ ಹಣವನ್ನು ಕಾಯಿಲೆಯ ಮಕ್ಕಳಿಗೆ ಕೊಟ್ಟವರು. ಕೂಲಿಯಿಂದಲೇ ಅಷ್ಟು ಕೊಡುತ್ತೇನೆ ಅಂದಿದ್ದರೆ ಆಗುತ್ತಿತ್ತೇ?

ನಮ್ಮ ಬಿಗಿ ಚಡ್ಡಿ, ಹೆಲ್ಮೆಟ್, ಕತ್ತಲಲ್ಲಿ ಮಿನುಗುವ ಜಾಕೆಟ್ ಎಲ್ಲ ಅದೇ ಜಾತಿಯವು. ಒಂದೇ ತೊಂದರೆ. ಹುಲಿ ಮನೆಯಂಗಳದಲ್ಲೇ ಕುಣಿಯುತ್ತದೆ, ನಾವು ಯಾರ ಕಣ್ಣಿಗೂ ಬೀಳದೆ ಬ್ರಹ್ಮಾವರದ ಆಚೆ ಎಲ್ಲೋ ತುಳಿಯುತ್ತಿರುತ್ತೇವೆ. ಅದಕ್ಕೆ ದಾರಿಯುದ್ದಕ್ಕೂ ಫೋಟೊ ಕಳಿಸುವ ಕೆಲಸ ಒಂದು. ಬೊಂಡ ಕುಡಿಯುವ ಫೋಟೊ ಮಾತ್ರ ಕಳಿಸಬಾರದು. ಕುಣಿತ ಸಾಲದು ಅನ್ನುತ್ತಾರೆ.

ಈ ಸಲದ ಪಟ್ಟಿ ಹಿಡಿದು ದೊಡ್ಡಮ್ಮನ ಮನೆಗೂ ಹೋಗಿದ್ದೆ. ಕನ್ನಡಕ ಹಾಕಿ ಪೂರ್ತಿ ಓದಿದರು. "ಕಿಲೋಮೀಟರಿಗೆ ಐದು ರೂಪಾಯಿ ಬರೆ" ಅಂದರು. ಬರೆದೆ. "ಬಸ್ಸಿನಲ್ಲಿ ಹೋಗಿ ಬಂದರೆ ಹತ್ತು ಕೊಡ್ತೇನೆ ಮಗಾ" ಅಂದರು. ಮಗುವಿನ ಚಿಕಿತ್ಸೆ ದೃಷ್ಟಿಯಿಂದ ನೋಡಿದರೆ ಬಸ್ಸೇ ಲಾಭ. ಭಾವನಿಗೆ ಇದನ್ನು ಹೇಳಿಲ್ಲ.