ಮಾಂಸ ಬಿಟ್ಟೆ, ಮುನಿಸು ಬಿಡಲಿಲ್ಲ

ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮೊದಲು ಕ್ರೈಸ್ತರು ಆಚರಿಸುವ 40 ದಿನಗಳ ಉಪವಾಸದ ಕಾಲದಲ್ಲಿ, ಏನೇನು ತಿನ್ನಬಾರದು ಎಂದು ನಿಮ್ಮ ಲೇಖನದಲ್ಲಿ ಚೆನ್ನಾಗಿ ಹೇಳಿದ್ದೀರಿ. ಆದರೆ ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ ಆದ ಮೇಲೆಯೇ ಉಪವಾಸದ ಮಾತು ಬರುತ್ತದೆ, ಅಲ್ವಾ?

ನಾವು ಗೋವಾದ ವಾಸ್ಕೋದಲ್ಲಿರುವ ಕನ್ನಡದವರು. ಇಲ್ಲಿ ಕಾರ್ನಿವಲ್ ಗದ್ದಲ ಮುಗಿದ ಮರುದಿನವೇ ಬೂದಿ ಬುಧವಾರ, ತಪಸ್ಸುಕಾಲದ ಮೊದಲ ದಿನ. ಹಾಗಾಗಿ ಮನಸ್ಸನ್ನು ಮೊದಲೇ ಹದ ಮಾಡಿಕೊಳ್ಳಬೇಕು. ದೇವರ ಪಟದ ಹಿಂದೆ ಸಿಕ್ಕಿಸಿಟ್ಟ, ಹಿಂದಿನ ವರ್ಷದ ಗರಿಗಳ ಭಾನುವಾರದ ಹಳೇ ಗರಿಗಳನ್ನು ಚರ್ಚಿಗೆ ಕೊಡುವಾಗಲೇ ನನ್ನ ಸಿದ್ಧತೆ ಶುರು. ಅವನ್ನು ಸುಟ್ಟ ಬೂದಿಯೇ ಬೂದಿ ಬುಧವಾರ ನಮ್ಮ ಹಣೆಗೆ ಬರುವುದು.

ಹೋದ ವರ್ಷ 40 ದಿನ ಮಾಂಸ ಮುಟ್ಟಲಿಲ್ಲ. ಆದರೆ ಅಕ್ಕನ ಮೇಲಿನ ಮುನಿಸು ಹಾಗೇ ಇತ್ತು. ಅದು ಈಗಲೂ ಚುಚ್ಚುತ್ತದೆ. ಈ ಸಲ ಬೂದಿ ಹಚ್ಚಿಸಿಕೊಳ್ಳುವ ಮೊದಲೇ ಅವಳಿಗೆ ಫೋನ್ ಮಾಡುತ್ತೇನೆ. ಇಲ್ಲಿನ ಗೋವಾ ವೆಲ್ಹಾ ಊರಿನಲ್ಲಿ ತಪಸ್ಸುಕಾಲದಲ್ಲೇ ನಡೆಯುವ ಸಂತರ ಪ್ರತಿಮೆಗಳ ಮೆರವಣಿಗೆಗೆ ಅವಳನ್ನೂ ಕರೆಯಬೇಕು.