ಔರಾದಿನ ಮಕ್ಕಳ ಚಿತ್ರದಲ್ಲಿ ತೆಂಗಿನ ಮರ ಯಾಕೆ?

ನಮ್ಮ ಬೀದರ್, ಕಲಬುರಗಿ ಕಡೆಯ ಯಾವುದೇ ಶಾಲೆಗೆ ಹೋಗಿ ಮಕ್ಕಳಿಗೆ ‘ಪರಿಸರದ ಚಿತ್ರ ಬರೀರಿ’ ಅನ್ನಿ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಂಡೆಯಲ್ಲಿ ತೆಂಗಿನ ಮರ. ಔರಾದಿನ ಹುಡುಗಿಯೂ ಇದನ್ನೇ ಬರೆಯುತ್ತಾಳೆ, ಜೇವರ್ಗಿಯ ಹುಡುಗನೂ ಇದನ್ನೇ. ಕಿಟಕಿಯಾಚೆ ತೊಗರಿ ಹೊಲ ಇದೆ, ಹುಣಸೆ ಮರ ಇದೆ, ಕಣ್ಣು ಹಾಯುವಷ್ಟು ಬಯಲು ಇದೆ. ಅದ್ಯಾವುದೂ ಹಾಳೆಯ ಮೇಲೆ ಬರುವುದಿಲ್ಲ.

ಮಕ್ಕಳನ್ನು ಏನು ಅನ್ನೋದು? ಪರಿಸರ ಅಂದರೆ ಹಸಿರು, ಹಸಿರು ಅಂದರೆ ದಟ್ಟ ಕಾಡು, ಕಾಡು ಅಂದರೆ ಮಲೆನಾಡು ಅಂತ ಹೇಳಿಕೊಟ್ಟವರು ನಾವೇ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಶಾಲೆಗಳಲ್ಲಿ ಪರಿಸರ ಕಲಿಸಲೇಬೇಕು ಎಂದಿತು. ಪಾಠ ಬಂತು, ಪ್ರಶ್ನೆ ಬಂತು, ಅಂಕ ಬಂತು. ಬಾಗಿಲು ದಾಟಿ ಹೊರಗೆ ಹೋಗುವುದೊಂದು ಬರಲಿಲ್ಲ.

ನಾನು ಬೀದರ್ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ನಾನು ಕೇಳುವುದು ದೊಡ್ಡದೇನಲ್ಲ. ಮಕ್ಕಳನ್ನು ದೂರದ ಕಾಡಿಗೆ ಒಂದು ಸಲ ಕರೆದುಕೊಂಡು ಹೋಗುವ ಬದಲು, ಶಾಲೆಯಿಂದ ನಡೆದು ಮುಟ್ಟುವ ಒಂದೇ ಜಾಗಕ್ಕೆ ವರ್ಷಪೂರ್ತಿ ಕರೆದುಕೊಂಡು ಹೋಗಿ. ಸುಮ್ನೆ ನೋಡೋಕಲ್ಲ, ಕೈಯಲ್ಲಿ ಒಂದು ಕೆಲಸ ಕೊಟ್ಟು.

ಊರ ಪಕ್ಕದ ಪಡ ಭೂಮಿಯನ್ನೇ, ಅಂದರೆ ಬೀಳು ಬಿದ್ದ ನೆಲವನ್ನೇ ತಗೊಳ್ಳಿ. ಬೇಸಿಗೆಯಲ್ಲಿ ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಒಮ್ಮೆ ಹಾಗೆ ನಡೆಯುತ್ತಿದ್ದಾಗ ಕುರಿ ಕಾಯುವ ಮನೆಯ ಹುಡುಗನೊಬ್ಬ ನನ್ನ ಕೈ ಹಿಡಿದು ನಿಲ್ಲಿಸಿದ. “ಸರ್, ಅಲ್ಲಿ ಕಾಲಿಡಬ್ಯಾಡ್ರಿ, ತತ್ತಿ ಅದಾವ.” ಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುವ ನಾಲ್ಕು ಮೊಟ್ಟೆ. ಟಿಟ್ಟಿಭ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ, ಬಯಲಿನ ನೆಲದಲ್ಲೇ ಇಡುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಅವನು. ಅವತ್ತು ಇಡೀ ಕ್ಲಾಸಿಗೆ ಅವನೇ ಮೇಷ್ಟ್ರು. ಹಕ್ಕಿ ಯಾಕೆ ಕುಂಟುವ ಹಾಗೆ ನಟಿಸಿ ನಮ್ಮನ್ನು ಆಚೆ ಎಳೆಯುತ್ತದೆ ಅಂತ ಅವನು ಹೇಳಿದ್ದು ಯಾವ ಪುಸ್ತಕಕ್ಕೂ ಕಡಿಮೆ ಇರಲಿಲ್ಲ. ತಾಂಡಾದ ಮಕ್ಕಳು, ಕುರಿಗಾಹಿಗಳ ಮಕ್ಕಳು ಇಂಥ ಎಷ್ಟೋ ವಿಷಯ ತಿಳಿದಿರುತ್ತಾರೆ. ಅದಕ್ಕೆ ಅಂಕ ಇಲ್ಲದ್ದರಿಂದ ಅದು ತಿಳುವಳಿಕೆಯೇ ಅಲ್ಲ ಅಂತ ಅವರೇ ನಂಬಿಬಿಟ್ಟಿದ್ದಾರೆ.

ಈಗ ಹೇಳಿ, ಜೂನ್ 5ರ ಪರಿಸರ ದಿನಕ್ಕೆ ನಾವು ಗುಂಡಿ ತೋಡಿ ಸಸಿ ನೆಡಲು ಹುಡುಕುವುದು ಇಂಥ ‘ಖಾಲಿ’ ಜಾಗವನ್ನೇ ಅಲ್ವಾ? ಬೀದರ್ ಸುತ್ತಲಿನ ಬಯಲಲ್ಲಿ ಚಿಗರಿಗಳಿವೆ, ಅಂದರೆ ಕೃಷ್ಣಮೃಗಗಳು. ದೂರದವರೆಗೆ ನೋಡುವ ಕಣ್ಣು, ಓಡುವ ಕಾಲು, ಇವೇ ಅವುಗಳ ರಕ್ಷಣೆ. ಬಯಲೆಲ್ಲ ಗಿಡ ತುಂಬಿದರೆ ಅವುಗಳಿಗೆ ಮನೆಯೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕ್ಕೆ ಮೊದಲ ಪಟ್ಟಿಯ ರಕ್ಷಣೆ ಇದೆ. ಅದೇ ಚಿಗರಿ ರಾತ್ರಿ ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತದೆ, ರೈತ ಶಪಿಸುತ್ತಾನೆ. ಈ ಎರಡನ್ನೂ ಮಕ್ಕಳು ಕೇಳಬೇಕು. ಹೊಲದ ಬದುವಿನಲ್ಲಿ ನಿಂತು ಆ ರೈತನ ಬಾಯಿಂದಲೇ ಕೇಳಬೇಕು. ಪ್ರಾಣಿ ಪ್ರೀತಿಯ ಭಾಷಣ ಅಲ್ಲಿ ನಡೆಯುವುದಿಲ್ಲ, ಅದು ಒಳ್ಳೆಯದೇ.

ನನಗೆ ಎಲ್ಲಕ್ಕಿಂತ ಇಷ್ಟದ ಪಾಠ ನೀರಿನದು. ಬೀದರ್ ಪಟ್ಟಣ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೆಳಗಿಳಿದರೆ ಎರೆ ಮಣ್ಣು. ಒಂದು ತಂಬಿಗೆ ನೀರನ್ನು ಎರಡೂ ಕಡೆ ಸುರಿದು ನೋಡಲು ಹೇಳಿ. ತೂತು ತೂತಾದ ಜಂಬಿಟ್ಟಿಗೆ ನೀರನ್ನು ಕುಡಿದುಬಿಡುತ್ತದೆ. ಎರೆ ಮಣ್ಣು ಮೊದಲು ಬಿರುಕಿನಲ್ಲಿ ನುಂಗುತ್ತದೆ, ಆಮೇಲೆ ಉಬ್ಬಿ ಬಿರುಕನ್ನೇ ಮುಚ್ಚಿಕೊಳ್ಳುತ್ತದೆ, ನೀರು ಮೇಲೆಯೇ ನಿಲ್ಲುತ್ತದೆ. ಇಷ್ಟು ನೋಡಿದ ಮಕ್ಕಳನ್ನು ನೌಬಾದಿನ ಕರೇಜ್ ಹತ್ತಿರ ಕರೆದುಕೊಂಡು ಹೋದರೆ ಹೆಚ್ಚು ವಿವರಿಸಬೇಕಾಗಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, ಪರ್ಷಿಯಾದ ವಿದ್ಯೆ ತಂದು ತೋಡಿದ ಸುರಂಗ ಅದು. 3 ಕಿ.ಮೀ.ಗೂ ಜಾಸ್ತಿ ಉದ್ದ. ಮೇಲಿನಿಂದ 21 ಬಾವಿಗಳು, ಗಾಳಿ ಆಡಲಿಕ್ಕೆ, ಹೂಳು ಎತ್ತಲಿಕ್ಕೆ. ಕಲ್ಲಿನಲ್ಲಿ ಇಳಿದ ಮಳೆನೀರು ಕೆಳಗಿನ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ಅದನ್ನು ಪಂಪಿಲ್ಲದೆ, ಬರೀ ಇಳಿಜಾರಿನ ಬಲದಿಂದ ಊರಿಗೆ ಹರಿಸಿದರು. ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆಯ 2020ರ ವಿಶ್ವ ಸ್ಮಾರಕಗಳ ಕಾಳಜಿ ಪಟ್ಟಿಗೆ ಸೇರಿದ್ದವು. ನಮ್ಮ ಹತ್ತನೇ ಕ್ಲಾಸಿನ ಎಷ್ಟು ಮಕ್ಕಳು ಅದರೊಳಗೆ ಇಣುಕಿದ್ದಾರೆ, ನೀವೇ ವಿಚಾರಿಸಿ.

ಸುರಂಗದ ಮೇಲಿನ ನೆಲಕ್ಕೆ ಸಿಮೆಂಟ್ ಹಾಕಿದರೆ ಏನಾಗುತ್ತದೆ ಎಂದು ನಾನು ಕೇಳುವುದಿಲ್ಲ. ತಂಬಿಗೆ ನೀರು ಸುರಿದ ಮಕ್ಕಳು ತಾವೇ ಕೇಳುತ್ತಾರೆ.

ಚಿಂಚೋಳಿಗೆ ಹೋಗಬೇಡಿ ಅಂತ ಅಲ್ಲ. 134 ಚದರ ಕಿ.ಮೀ. ವನ್ಯಧಾಮ ನಮ್ಮ ಮಗ್ಗುಲಲ್ಲೇ ಇರುವುದು ಪುಣ್ಯ. ಸುರಪುರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ತೋರಿಸಲೇಬೇಕು. ಆದರೆ ನಮ್ಮ ಪ್ರವಾಸ ಹೇಗಿರುತ್ತದೆ ಅಂತ ಗೊತ್ತಲ್ಲ. ಬಸ್ಸಿನಲ್ಲಿ ಹಾಡು, ಅಲ್ಲಿ ಪಲಾವ್, ಜಲಪಾತದ ಮುಂದೆ ಫೋಟೋ, ವಾಪಸ್. ಹಕ್ಕಿಗೂ ಮಕ್ಕಳಿಗೂ ಭೇಟಿಯೇ ಆಗಿರುವುದಿಲ್ಲ.

ಅಡ್ಡಿಗಳು ಇವೆ, ಸುಳ್ಳಲ್ಲ. ಹೆಡ್ ಮಾಸ್ತರರೊಬ್ಬರು ಹೇಳಿದರು, “ಯಾವುದರೆ ಹುಡುಗಗ ಹಾವು ಕಚ್ಚಿದ್ರ ಜವಾಬು ಯಾರ್ ಕೊಡ್ತಾರ್ರೀ?” ನ್ಯಾಯದ ಪ್ರಶ್ನೆ. ಬೂಟು ಹಾಕಿಸಿ, ಎತ್ತರದ ಹುಲ್ಲಿಗೆ ಬಿಡಬೇಡಿ, ಕಲ್ಲು ಎತ್ತಲು ಬಿಡಬೇಡಿ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷದ ಇಂಜೆಕ್ಷನ್ ಇದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಬಿಸಿಲಿನದು ಅದಕ್ಕಿಂತ ದೊಡ್ಡ ಮಾತು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನಡಿಗೆಯನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಜಾಸ್ತಿ ಇಟ್ಟುಕೊಂಡರಾಯಿತು.

ಇನ್ನೊಂದು ಫಲಿತಾಂಶದ ಭಯ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಇಂಥದ್ದರಲ್ಲಿ ಬಯಲು ಸುತ್ತಿಸುತ್ತೀರಾ ಅಂತ ಪಾಲಕರು ಕೇಳುತ್ತಾರೆ. ನಾನು ಅವರಿಗೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಶಾಲೆಯ ಮಾಳಿಗೆ 100 ಚದರ ಮೀಟರ್ ಇದ್ದು 10 ಮಿ.ಮೀ. ಮಳೆಯಾದರೆ 1,000 ಲೀಟರ್. ಕ್ಷೇತ್ರಫಲ, ಘನಫಲ, ದಶಮಾಂಶ ಎಲ್ಲ ಇದರಲ್ಲೇ ಇವೆ. ಮಾಳಿಗೆಯನ್ನು ತಾನೇ ಅಳೆದ ಹುಡುಗ ಆ ಸೂತ್ರ ಮರೆಯುವುದಿಲ್ಲ.

ಹೊರಗೆ ಹೋಗುವುದು ನಮಗೆ ಹೊಸದೂ ಅಲ್ಲ. ಎಳ್ಳ ಅಮಾವಾಸ್ಯೆಗೆ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಅವತ್ತು ಯಾರೂ ಬಿಸಿಲು, ಹಾವು ಅನ್ನುವುದಿಲ್ಲ ನೋಡಿ.

ಸಮಯವೂ ಇದೆ. ನಮ್ಮ ಶಾಲೆಗಳಲ್ಲಿ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಗೆ 10 ದಿನ ಬ್ಯಾಗಿಲ್ಲದ ಕಲಿಕೆ ಇರಲಿ ಎನ್ನುತ್ತದೆ. ಆ ಶನಿವಾರ ಒಂದು ತೆರೆದ ಬಾವಿಗೆ ಹೋಗಿ. ಕಟ್ಟೆ ಗಟ್ಟಿ ಇರುವ ಬಾವಿ ಆಗಿರಲಿ. ಮೇಷ್ಟ್ರು ಪಕ್ಕದಲ್ಲೇ ಇರಬೇಕು. ಗಂಟು ಹಾಕಿದ ಹಗ್ಗದ ತುದಿಗೆ ಕಲ್ಲು ಕಟ್ಟಿ ನೀರು ಎಷ್ಟು ಆಳದಲ್ಲಿದೆ ಅಳೆಯಿರಿ, ದಿನಾಂಕ ಹಾಕಿ ಬರೆದಿಡಿ. ನೋಟ್‌ಬುಕ್ ಶಾಲೆಯದಾಗಿರಲಿ, ಮಕ್ಕಳ ಹೆಸರಿನಲ್ಲಿ ಬೇಡ. ನಮಗೆ ವರ್ಗಾವಣೆ ಆಗುತ್ತದೆ, ಮಕ್ಕಳು ಪಾಸಾಗಿ ಹೋಗುತ್ತಾರೆ, ಲೆಕ್ಕ ನಿಲ್ಲಬಾರದು.

ಯಾದಗಿರಿ, ಸುರಪುರ ಕಡೆಯ ಶಿಕ್ಷಕ ಮಿತ್ರರು ಯಾರಾದರೂ ಹೀಗೆ ಬಾವಿ ಅಳೆಯಲು ತಯಾರಿದ್ದರೆ ಕೆಳಗೆ ತಿಳಿಸಿ. ನಮ್ಮದು ಜಂಬಿಟ್ಟಿಗೆ, ನಿಮ್ಮಲ್ಲಿ ಬೇರೆ ಕಲ್ಲು, ಬೇರೆ ಮಣ್ಣು. ಒಂದೇ ತಿಂಗಳ ಅಳತೆಗಳನ್ನು ಪಕ್ಕ ಪಕ್ಕ ಇಟ್ಟು, ವ್ಯತ್ಯಾಸ ಯಾಕೆ ಬಂತು ಅಂತ ಎರಡೂ ಶಾಲೆಯ ಮಕ್ಕಳೇ ಫೋನಿನಲ್ಲಿ ಮಾತಾಡಿಕೊಳ್ಳಲಿ.