ಎಸ್ಸೆಸ್ಸೆಲ್ಸಿ ಆದಮೇಲಿನ ಆ ಎರಡು ತಿಂಗಳು

ಬಾಲ್ಯವಿವಾಹ ನಿಲ್ಲಬೇಕಾದರೆ ಹೆಣ್ಣುಮಕ್ಕಳನ್ನು ಓದಿಸಿ ಅಂತ ಎಲ್ಲರೂ ಹೇಳುತ್ತೇವೆ. ಯಾವ ತಿಂಗಳು, ಯಾವ ಕಾಗದ, ಯಾವ ಬಸ್ಸು ಅನ್ನುವ ಮಾತು ಮಾತ್ರ ಬರುವುದಿಲ್ಲ. ನನ್ನ ಪ್ರಕಾರ ನಮ್ಮ ಕರ್ನಾಟಕದಲ್ಲಿ ಹುಡುಗಿ ಕೈತಪ್ಪುವುದು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿಗೆ ಸೇರುವ ನಡುವಿನ ಏಪ್ರಿಲ್, ಮೇನಲ್ಲಿ. ಹೈಸ್ಕೂಲಿನ ಲೆಕ್ಕದಲ್ಲಿ ಅವಳು ಮುಗಿಸಿ ಹೋದವಳು, ಕಾಲೇಜಿನ ಲೆಕ್ಕಕ್ಕೆ ಇನ್ನೂ ಬಂದಿಲ್ಲ. ಎಲ್ಲಿ ಅವಳು ಅಂತ ಕೇಳುವವರೇ ಇಲ್ಲ. ಮದುವೆ ಸೀಸನ್ನೂ ಅದೇ.

ಕಾನೂನೂ ಇಲ್ಲಿ ಕೈಬಿಡುತ್ತದೆ. ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು 14 ವರ್ಷಕ್ಕೆ ಮುಗಿಯುತ್ತದೆ, ಮದುವೆ ವಯಸ್ಸು 18. ನಡುವಿನ ನಾಲ್ಕು ವರ್ಷ ಮನೆಯವರ ಮರ್ಜಿ.

ಹಾಗಾಗಿ ಕೆಲಸ ಫೆಬ್ರವರಿಯಲ್ಲೇ ಶುರುವಾಗಬೇಕು. ಹತ್ತನೇ ತರಗತಿಯ ಒಬ್ಬೊಬ್ಬ ಹುಡುಗಿಯೂ ಮುಂದೆ ಯಾವ ಕಾಲೇಜಿಗೆ ಹೋಗುತ್ತಾಳೆ, ಎಷ್ಟು ದೂರ, ಬೆಳಗಿನ ಬಸ್ಸು ಎಷ್ಟಕ್ಕೆ, ಸಂಜೆ ಕೊನೆಯದು ಎಷ್ಟಕ್ಕೆ ಅಂತ ಶಿಕ್ಷಕರು ಬರೆದಿಡಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಟಿಕೆಟ್ ದುಡ್ಡಿನ ಚಿಂತೆ ಕಳೆದಿದೆ, ನಿಜ. ಆದರೆ ಊರಿಗೆ ಬಸ್ಸೇ ಬರದಿದ್ದರೆ ಏನು ಬಂತು? ಅಂಥ ಊರಿನವಳಿಗೆ ಮೆಟ್ರಿಕ್ ನಂತರದ ಹಾಸ್ಟೆಲ್ಲೇ ದಾರಿ. ಹಾಸ್ಟೆಲ್, ಸ್ಕಾಲರ್‌ಶಿಪ್‌ಗೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಪರೀಕ್ಷೆಗೆ ಮುಂಚೆಯೇ ಅರ್ಜಿ ಹಾಕಿಸಿ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಶಾಲೆ ದಾಖಲೆಯಲ್ಲಿ ಇನ್ನೊಂದು ಇದ್ದರೆ ಆಗಲೇ ಸರಿಪಡಿಸಿ. ಸ್ಕಾಲರ್‌ಶಿಪ್ ಸಿಕ್ಕಿಹಾಕಿಕೊಳ್ಳುವುದು ಇಂಥ ಕಡೆಯೇ.

ಫೇಲಾದವಳ ಬಗ್ಗೆ ನನಗೆ ಇನ್ನೂ ಹೆಚ್ಚು ಆತಂಕ. ಗಣಿತ ಹೋಯಿತು ಅಂದರೆ ಸಾಕು, ಗಂಡು ಹುಡುಕಲು ನೆಪ ಸಿಕ್ಕಹಾಗೆ. ಫೇಲಾದವರು ಅದೇ ವರ್ಷ ಮತ್ತೆ ಬರೆಯಲು ಪರೀಕ್ಷೆ-2 ಇದೆ ಅನ್ನುವುದು ಎಷ್ಟೋ ಅಪ್ಪ-ಅಮ್ಮಂದಿರಿಗೆ ಗೊತ್ತಿಲ್ಲ. ಫಲಿತಾಂಶ ಬಂದ ದಿನವೇ ಮನೆಗೆ ಹೋಗಿ ಹೇಳಬೇಕು, ನೋಂದಣಿಗೆ ಸಿಗುವುದು ಕೆಲವೇ ದಿನ.

ಮದುವೆ ನಿಶ್ಚಯವಾಗಿದೆ ಅಂತ ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಹುಡುಗಿಯ ಹೆಸರು, ಓದಿದ ಶಾಲೆ, ಊರು, ಮುಹೂರ್ತದ ದಿನ, ಜಾಗ ಹೇಳಿ. ಅಧಿಕಾರಿಗಳು ವಯಸ್ಸಿಗೆ ಶಾಲಾ ದಾಖಲೆ ನೋಡಲಿ, ಆಧಾರ್ ಅಲ್ಲ. ಮುಹೂರ್ತಕ್ಕೆ ಇನ್ನೂ ದಿನ ಇದ್ದರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆಯನ್ನೇ ತರಬಹುದು. ಮುಹೂರ್ತದ ಹೊತ್ತಿಗೆ ಹೋಗಿ, ಈಗ ಮದುವೆ ಮಾಡುವುದಿಲ್ಲ ಅಂತ ಮನೆಯವರಿಂದ ಮುಚ್ಚಳಿಕೆ ಬರೆಸಿಕೊಂಡು ಬಂದರೆ ಅರ್ಧ ಕೆಲಸವಷ್ಟೇ. ಬರೆದುಕೊಟ್ಟವರೇ ಆಮೇಲೆ ಬೇರೆ ತಾಲ್ಲೂಕಿನ ದೇವಸ್ಥಾನದಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸುವುದುಂಟು. ಅದಕ್ಕೇ ಮುಚ್ಚಳಿಕೆಯ ಜೊತೆಗೆ ಕಾಲೇಜು ಸೇರಿಸಿದ ರಸೀದಿಯನ್ನೂ ಕೇಳಿ. ಜೂನ್‌ನಲ್ಲಿ ಅವಳು ಕ್ಲಾಸಿನಲ್ಲಿ ಇದ್ದಾಳಾ ಅಂತ ಹೋಗಿ ನೋಡಿ ಬರುವವರು ಯಾರು ಅನ್ನುವುದೂ ಅವತ್ತೇ ತೀರ್ಮಾನವಾಗಲಿ.